ಊರ ಬೊಕ್ಕಸವೂ ದಾಸೋಹವೇ

(ಶ್ರಾವಣ ಮಾಸದ ಪ್ರವಚನಮಾಲೆಯಲ್ಲಿ ಶ್ರೀಮಠದ ದಾಸೋಹ ಭವನದಲ್ಲಿ ಪೂಜ್ಯರು ಅಪ್ಪಣೆ ಕೊಡಿಸಿದ ಮಾತುಗಳ ಬರಹ ರೂಪ)





ಕಳೆದ ಮೂರು ದಿನ ಕಾಯಕದ ಕುರಿತು ಚಿಂತನೆ ಮಾಡಿದೆವು. ಇಂದು ದಾಸೋಹದ ಕುರಿತು ನಾಲ್ಕು ಮಾತು ಹೇಳಬೇಕಾಗಿದೆ. ದಾಸೋಹವೆಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ಶ್ರೀಮಠದ ಅಡುಗೆಮನೆ, ಅಲ್ಲಿಯ ಹಂಡೆಗಳು, ರೊಟ್ಟಿಯ ಬುಟ್ಟಿ, ಪಂಕ್ತಿಯಲ್ಲಿ ಕುಳಿತ ಜನ. ಅದು ದಾಸೋಹವೇ, ಸಂಶಯವಿಲ್ಲ. ಆದರೆ ನಿಮ್ಮ ಕೈಯಿಂದಲೇ ನಡೆಯುವ ಇನ್ನೊಂದು ದಾಸೋಹವಿದೆ. ಅದನ್ನು ದಾಸೋಹವೆಂದು ನಿಮ್ಮಲ್ಲಿ ಬಹುಮಂದಿ ಬಗೆದಿಲ್ಲ. ವರ್ಷಕ್ಕೊಮ್ಮೆ ಗೊಣಗುತ್ತ ಪುರಸಭೆಗೆ ಹೋಗಿ ಮನೆಕಂದಾಯ ಕಟ್ಟಿ ರಸೀದಿ ತರುತ್ತೀರಲ್ಲ, ಅದನ್ನೇ ನಾವು ಹೇಳುತ್ತಿರುವುದು.

ಈ ಮಾತು ಯಾಕೆ ಬಂತು ಎಂಬುದನ್ನು ಮೊದಲು ಹೇಳುತ್ತೇವೆ. ಹೋದ ತಿಂಗಳು ಊರಿನ ಕೆಲವು ಹಿರಿಯರು ನಮ್ಮಲ್ಲಿಗೆ ಬಂದಿದ್ದರು. ಪುರಸಭೆಯಲ್ಲಿ ಹಣದ ಅಡಚಣೆಯಂತೆ. ಖರ್ಚು ಕಡಿಮೆ ಮಾಡಬೇಕೆಂದು ಚರ್ಚೆ ನಡೆದಿದೆಯಂತೆ. ಪೇಟೆಯ ವಾಚನಾಲಯವನ್ನು ಮುಚ್ಚುವುದು, ಗುತ್ತಿಗೆಯ ಮೇಲಿರುವ ಪೌರಕಾರ್ಮಿಕರಲ್ಲಿ ಕೆಲವರನ್ನು ಬಿಡಿಸುವುದು, ಹಿಂದಿನ ಓಣಿಗಳ ದೀಪಗಳನ್ನು ಸದ್ಯಕ್ಕೆ ದುರಸ್ತಿ ಮಾಡದಿರುವುದು, ಹೀಗೆ ಒಂದು ಪಟ್ಟಿ ತಯಾರಾಗಿದೆಯಂತೆ. ಬಂದ ಹಿರಿಯರು ಸಜ್ಜನರು. ಅವರು ಹೇಳಿದರು: “ಅಪ್ಪಾರ, ವಾಚನಾಲಯ ಮುಚ್ಚೋದು ಬ್ಯಾಡ್ರಿ. ಶ್ರೀಮಠದಿಂದ ನೀವ ನಡೆಸ್ರಿ. ಪುರಸಭೆಯವರು ಕಟ್ಟಡ ಬಿಟ್ಟುಕೊಡ್ತೀವಿ ಅಂತಾರ. ಮಠದ ಹೆಸರು ಬರೆಸಿ ಬೋರ್ಡ್ ಹಾಕೋಣ್ರಿ.”

ನಿಮ್ಮ ಮುಂದೆ ಮುಚ್ಚುಮರೆ ಯಾಕೆ? ಆ ಮಾತು ಕೇಳಿ ನಮಗೆ ಸಂತೋಷವೇ ಆಯಿತು. ಪುಸ್ತಕಸೇವೆ ಒಳ್ಳೆಯ ಸೇವೆ, ಗುರುಗಳ ಹೆಸರು ಪೇಟೆಯ ನಡುವೆ ಇರುತ್ತದೆ ಎಂದುಕೊಂಡೆವು. “ಆಗಲಿ, ನೋಡೋಣ” ಎಂದು ಹೇಳಿಯೂ ಬಿಟ್ಟೆವು.

ಅದೇ ವಾರದಲ್ಲಿ ಶ್ರೀಮಠದ ಭಕ್ತರ ಮನೆತನದ ಒಬ್ಬ ಮಗಳು ದರ್ಶನಕ್ಕೆ ಬಂದಳು. ಅವಳು ಬಹಳ ವರ್ಷಗಳಿಂದ ಲಂಡನ್ನಿನಲ್ಲಿದ್ದಾಳೆ. ವಾಚನಾಲಯದ ಸುದ್ದಿಯನ್ನು ನಾವೇ ಹೆಮ್ಮೆಯಿಂದ ಅವಳಿಗೆ ಹೇಳಿದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಪ್ಪಾರ, ನಮ್ಮ ಕಡೆನೂ ಹಿಂಗ ಶುರುವಾಗಿತ್ರಿ” ಎಂದಳು. ಅವಳು ಹೇಳಿದುದನ್ನು ಕೇಳಿ, ಆಮೇಲೆ ತಿಳಿದವರನ್ನು ವಿಚಾರಿಸಿ, ಓದಿ ನೋಡಿದೆವು. ನಮ್ಮ ಸಂತೋಷ ಅವಸರದ್ದೆಂದು ಆಗ ಗೊತ್ತಾಯಿತು. ಆ ಸಂಗತಿಯನ್ನು ಇಂದು ನಿಮ್ಮ ಮುಂದಿಡುತ್ತೇವೆ.

ಲಂಡನ್ ನಗರದಲ್ಲಿ ನಮ್ಮ ಪುರಸಭೆ, ನಗರಸಭೆಗಳಂತೆ 32 ಸ್ಥಳೀಯ ಸಂಸ್ಥೆಗಳಿವೆ. ಅವುಗಳಲ್ಲಿ ಲ್ಯಾಂಬೆತ್ ಎಂಬುದು ಒಂದು. ಈ ಹೆಸರನ್ನು ನೀವು ಕೇಳಿರಬೇಕು. ಥೇಮ್ಸ್ ನದಿಯ ದಂಡೆಯ ಮೇಲೆ ವಿಶ್ವಗುರು ಬಸವಣ್ಣನವರ ಪ್ರತಿಮೆ ನಿಂತಿರುವುದು ಅದೇ ಲ್ಯಾಂಬೆತ್‌ನಲ್ಲಿ. ನಮ್ಮ ಕಲಬುರ್ಗಿಯ ಮಗನಾದ ಡಾ. ನೀರಜ್ ಪಾಟೀಲರು ಆ ಲ್ಯಾಂಬೆತ್‌ನ ಮೇಯರ್ ಆಗಿದ್ದವರು. ಪ್ರತಿಮೆ ಅಲ್ಲಿ ನಿಲ್ಲುವುದಕ್ಕೆ ದುಡಿದವರೂ ಅವರೇ. 2015ರ ನವೆಂಬರ್ 14ರಂದು ಪ್ರಧಾನಮಂತ್ರಿ ನರೇಂದ್ರ ಮೋದಿಯವರು ಅದನ್ನು ಅನಾವರಣ ಮಾಡಿದಾಗ ನಾವೆಲ್ಲರೂ ಹಿಗ್ಗಿದೆವು.

ಅದಾದ ನಾಲ್ಕೂವರೆ ತಿಂಗಳಿಗೆ, 2016ರ ಮಾರ್ಚ್ 31ರಂದು, ಅದೇ ಲ್ಯಾಂಬೆತ್‌ನಲ್ಲಿ, ಪ್ರತಿಮೆಯಿಂದ ಕೆಲವೇ ಮೈಲಿ ದೂರದ ಹರ್ನ್ ಹಿಲ್ ಎಂಬಲ್ಲಿ, ಕಾರ್ನೆಗಿ ಗ್ರಂಥಾಲಯಕ್ಕೆ ಬೀಗ ಹಾಕುವ ದಿನ ಬಂತು. 1906ರಿಂದ ನಡೆದು ಬಂದ ಗ್ರಂಥಾಲಯ ಅದು. ಖರ್ಚು ಉಳಿಸುವುದಕ್ಕಾಗಿ ಸ್ಥಳೀಯ ಸಂಸ್ಥೆ ಅದನ್ನು ಮುಚ್ಚಿತು. ಆದರೆ ಆ ಸಂಜೆ ಓಣಿಯ ಜನ ಹೊರಗೆ ಬರಲಿಲ್ಲ. ಮುದುಕರು, ತಾಯ್ತಂದೆಯರು, ಕೆಲವರ ಮಕ್ಕಳು ಸಹ ಒಳಗೇ ಕುಳಿತರು. ಪುಸ್ತಕದ ಕಪಾಟುಗಳ ನಡುವೆ ಹಾಸಿಗೆ ಹಾಸಿ ಮಲಗಿದರು. ಹೊರಗಿನವರು ಅವರಿಗೆ ಊಟ ತಂದುಕೊಟ್ಟರು. ಹೀಗೆ ಸುಮಾರು ಹತ್ತು ದಿನ ನಡೆಯಿತು. ಕೊನೆಗೆ ಅವರು ಹೊರಬಂದು ಮೆರವಣಿಗೆಯಲ್ಲಿ ಹೋದರು. ಗ್ರಂಥಾಲಯ ಎರಡು ವರ್ಷ ಬೀಗದಲ್ಲೇ ಇತ್ತು. 2018ರಲ್ಲಿ ತೆರೆಯಿತು, ಆದರೆ ಕೆಳಗೆ ವ್ಯಾಯಾಮಶಾಲೆ ಬಂದು, ಹಿಂದಿನ ಹಾಗೆ ಉಳಿಯಲಿಲ್ಲ.

ಆ ಜನ ವಚನ ಓದಿದವರಲ್ಲ. ಆದರೂ ಅವರು ಮಾಡಿದುದು ಏನು? ಇದು ಎಲ್ಲರೂ ಕೂಡಿ ಕಟ್ಟಿಕೊಂಡದ್ದು, ಇದಕ್ಕೆ ಬೀಗ ಹಾಕುವುದಕ್ಕೆ ನಮ್ಮನ್ನು ಕೇಳಬೇಕು ಎಂದರು. ಬಸವಣ್ಣನವರ ಪ್ರತಿಮೆ ಇರುವ ಊರಿನಲ್ಲಿ ಅವರ ಮನಸ್ಸಿಗೊಪ್ಪುವ ಕೆಲಸ ನಡೆಯಿತೆಂದು ನಮಗೆ ಅನಿಸುತ್ತದೆ.

ಇದು ಒಂದೇ ಊರಿನ ಮಾತಲ್ಲ. ಇಂಗ್ಲೆಂಡಿನಲ್ಲಿ 2010ರಿಂದ ಮಿತವ್ಯಯದ ನೀತಿ ಬಂತು. ಸ್ಥಳೀಯ ಸಂಸ್ಥೆಗಳಿಗೆ ಕೇಂದ್ರ ಸರಕಾರ ಕೊಡುತ್ತಿದ್ದ ಹಣ 2017-18ರ ಹೊತ್ತಿಗೆ, ಬೆಲೆಯೇರಿಕೆಯನ್ನು ಲೆಕ್ಕ ಹಿಡಿದರೆ, ಸುಮಾರು ಅರ್ಧಕ್ಕೆ ಇಳಿಯಿತೆಂದು ಆ ದೇಶದ ಲೆಕ್ಕಪರಿಶೋಧನಾ ಕಚೇರಿಯೇ ಹೇಳಿತು. ಮೊದಲ ಆರು ವರ್ಷಗಳಲ್ಲಿ ಬ್ರಿಟನ್ನಿನಲ್ಲಿ 343 ಗ್ರಂಥಾಲಯಗಳು ಮುಚ್ಚಿದವೆಂದೂ, ಸುಮಾರು 8,000 ಗ್ರಂಥಾಲಯ ನೌಕರಿಗಳು ಹೋದವೆಂದೂ 2016ರಲ್ಲಿ ಬಿಬಿಸಿ ವರದಿ ಮಾಡಿತು. ಅದೇ ವರದಿಯಲ್ಲಿ ಇನ್ನೊಂದು ಸಂಗತಿಯಿದೆ. ಈ ಅವಧಿಯಲ್ಲಿ ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರ ಸಂಖ್ಯೆ 15,000ಕ್ಕೂ ಮೇಲೆ ಹೆಚ್ಚಿತು. ಸೇವೆಗೆ ಬಂದವರ ಮನಸ್ಸು ಒಳ್ಳೆಯದೇ. ಆದರೆ ಸಂಬಳ ಪಡೆದು ಗೌರವದಿಂದ ಕಾಯಕ ಮಾಡುತ್ತಿದ್ದವನ ಜಾಗದಲ್ಲಿ ಪುಣ್ಯಕ್ಕಾಗಿ ದುಡಿಯುವವನನ್ನು ಕೂರಿಸಿದರೆ, ಅಲ್ಲಿ ಒಂದು ಕಾಯಕವನ್ನು ಕೊಂದಂತಾಗಲಿಲ್ಲವೆ?

ಇಲ್ಲಿಯೇ ನಮಗೆ ಎಚ್ಚರವಾದದ್ದು. ವಾಚನಾಲಯವನ್ನು ನಾವು ವಹಿಸಿಕೊಂಡರೆ ಆಗುವುದೇನು? ಅಲ್ಲಿ ಇಪ್ಪತ್ತು ವರ್ಷದಿಂದ ಕಸ ಹೊಡೆದು, ಪತ್ರಿಕೆ ಜೋಡಿಸಿ, ದೀಪ ಹಚ್ಚುವವನ ಗತಿಯೇನು? ಅದೂ ಇರಲಿ. ಸಂಜೆಯ ಹೊತ್ತು ಅಲ್ಲಿಗೆ ಓದಲು ಬರುವ ಮಕ್ಕಳಲ್ಲಿ ಎಲ್ಲ ಮತದವರೂ ಇದ್ದಾರೆ. ಬಾಗಿಲ ಮೇಲೆ ಮಠದ ಹಲಗೆ ಬಿದ್ದರೆ ಬೇರೆ ಓಣಿಯ ಹೆಣ್ಣುಮಗಳು ಇಂದಿನ ಹಾಗೆಯೇ ಹಿಂಜರಿಯದೆ ಒಳಗೆ ಬಂದಾಳೆಯೆ? ನಾವು ಯಾರನ್ನೂ ತಡೆಯುವವರಲ್ಲ. ಆದರೂ ಅವಳು ಅತಿಥಿಯಾಗಿ ಬರುತ್ತಾಳೆ. ಮಠದ ಬಾಗಿಲಿಗೆ ಬಂದವರು ಕೈಮುಗಿದು ಬರುತ್ತಾರೆ. ಪುರಸಭೆಯ ನಳಕ್ಕೆ ಬಂದವರು ಕೊಡ ಹಿಡಿದು ನೆಟ್ಟಗೆ ಬರುತ್ತಾರೆ. ಆ ನೀರಿಗೆ ಅವರು ಯಾರಿಗೂ ಋಣಿಗಳಲ್ಲ. ಊರಿನಲ್ಲಿ ಕೆಲವಾದರೂ ಬಾಗಿಲುಗಳು ಹೀಗೆ ತಲೆಯೆತ್ತಿ ಹೋಗುವಂಥವು ಇರಬೇಕು.

ಬಸವಣ್ಣನವರು ಯಾರು ಎಂದರೆ ಭಕ್ತಿಭಂಡಾರಿ ಎನ್ನುತ್ತೀರಿ. ಅವರು ಬಿಜ್ಜಳನ ಭಂಡಾರಿಯೂ ಆಗಿದ್ದರು. ಬೊಕ್ಕಸದ ಬೀಗದ ಕೈ ಅವರ ಹತ್ತಿರವಿತ್ತು. ಆ ಕಥೆ ನಿಮಗೆ ಗೊತ್ತಿದೆ. ಕೊಂಡೆಯ ಮಂಚಣ್ಣ ಮೊದಲಾದವರು ದೊರೆಯ ಕಿವಿಯಲ್ಲಿ ಊದಿದರು, ಬೊಕ್ಕಸದ ಹಣವನ್ನೆಲ್ಲ ಬಸವಣ್ಣ ಜಂಗಮರಿಗೆ ಸುರಿಯುತ್ತಿದ್ದಾನೆ ಎಂದು. ಬಿಜ್ಜಳ ಲೆಕ್ಕ ಕೇಳಿದ. ಬಸವಣ್ಣನವರು ಸಿಟ್ಟಾದರೆ? ಲೆಕ್ಕ ಕೇಳುವುದಕ್ಕೆ ನೀನಾರು ಎಂದರೆ? ಇಲ್ಲ. ಭಂಡಾರದ ಬಾಗಿಲು ತೆರೆದರು. ಎಣಿಸಿ ನೋಡಿದರೆ ಒಂದು ಹಣವೂ ಕಡಿಮೆಯಿರಲಿಲ್ಲ.

ಈ ಕಥೆಯಲ್ಲಿ ಎರಡು ಪಾಠಗಳಿವೆ. ಬೊಕ್ಕಸವೆಂಬುದು ದೊರೆಯ ಸ್ವಂತದ್ದೂ ಅಲ್ಲ, ಭಂಡಾರಿಯ ಸ್ವಂತದ್ದೂ ಅಲ್ಲ ಎಂಬುದು ಒಂದು. ಅದನ್ನು ಕಾಯುವವನು ಕೇಳಿದಾಗ ಬಾಗಿಲು ತೆರೆದು ಲೆಕ್ಕ ತೋರಿಸಬೇಕೆಂಬುದು ಇನ್ನೊಂದು. ಎರಡನೆಯದನ್ನು ಮರೆತರೆ ಮೊದಲನೆಯದೂ ಉಳಿಯುವುದಿಲ್ಲ.

ಯಾಕೆ ಹೇಳುತ್ತೇವೆಂದರೆ, ನಿಮ್ಮಲ್ಲಿ ಕೆಲವರ ಮನಸ್ಸಿನಲ್ಲಿ ಪ್ರಶ್ನೆ ಎದ್ದಿರಬೇಕು. “ಪುರಸಭೆಯಲ್ಲಿ ಪೋಲಾಗುವುದು ಕಡಿಮೆಯೇ? ಹಣವೇ ಇಲ್ಲವೆಂದರೆ ಎಲ್ಲಿಂದ ತರಬೇಕು?” ಎಂದು. ಪ್ರಶ್ನೆ ನ್ಯಾಯವಾದದ್ದು. ಅದಕ್ಕೂ ಇಂಗ್ಲೆಂಡಿನಲ್ಲೇ ಉತ್ತರವಿದೆ. ಬರ್ಮಿಂಗ್‌ಹ್ಯಾಮ್ ಆ ದೇಶದ ಎರಡನೆಯ ದೊಡ್ಡ ನಗರ. 2023ರ ಸೆಪ್ಟೆಂಬರಿನಲ್ಲಿ ಅದರ ನಗರಸಭೆ, ಕಾನೂನಿನಂತೆ ಮಾಡಲೇಬೇಕಾದ ಕೆಲಸಗಳ ಹೊರತು ಹೊಸ ಖರ್ಚು ಮಾಡಲಾರೆವೆಂದು ಕೈಚೆಲ್ಲಿತು. ಕೇಂದ್ರದಿಂದ ಹಣ ಕಡಿಮೆಯಾದದ್ದು ನಿಜ. ಆದರೆ ನಗರಸಭೆಯ ಸ್ವಂತ ತಪ್ಪುಗಳೂ ಇದ್ದವು. ಲೆಕ್ಕಪತ್ರಕ್ಕೆಂದು ತರಿಸಿದ ಹೊಸ ಕಂಪ್ಯೂಟರ್ ವ್ಯವಸ್ಥೆ ಸರಿಯಾಗಿ ನಡೆಯದೆ ಅಪಾರ ಹಣ ನುಂಗಿತು. ಇನ್ನೊಂದು ತಪ್ಪು ಅದಕ್ಕೂ ಹಳೆಯದು. ಅಡುಗೆ ಮಾಡುವ, ಕಸ ಗುಡಿಸುವ, ಮುದುಕರನ್ನು ನೋಡಿಕೊಳ್ಳುವ ಹೆಣ್ಣುಮಕ್ಕಳಿಗೆ, ಅವರದಕ್ಕೆ ಸಮನಾದ ಕೆಲಸ ಮಾಡುವ ಗಂಡಸರಿಗಿಂತ ಕಡಿಮೆ ಕೊಡುತ್ತ ಬಂದಿದ್ದರು. ಆ ತಾಯಂದಿರು ನ್ಯಾಯಾಲಯಕ್ಕೆ ಹೋದರು. 2012ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯ ಅವರ ದಾವೆಗೆ ದಾರಿ ಮಾಡಿಕೊಟ್ಟಿತು. ಬಾಕಿಯ ಮೊತ್ತ ಬೆಟ್ಟದಷ್ಟಾಯಿತು.

ಎಲ್ಲ ಕಾಯಕವೂ ಸಮವೆಂದು ಶರಣರು ಹನ್ನೆರಡನೆಯ ಶತಮಾನದಲ್ಲೇ ಹೇಳಿದರು. ಅಂಗಳದ ಕಸ ಗುಡಿಸುವ ಸತ್ಯಕ್ಕನಿಗೆ ಅನುಭವ ಮಂಟಪದಲ್ಲಿ ಸ್ಥಾನವಿತ್ತು. ಆ ಮಾತನ್ನು ಮರೆತರೆ ಧರ್ಮಕ್ಕೆ ಮಾತ್ರವಲ್ಲ, ಬೊಕ್ಕಸಕ್ಕೂ ನಷ್ಟವೆಂದು ಬರ್ಮಿಂಗ್‌ಹ್ಯಾಮ್ ತೋರಿಸಿತು.

ಇಷ್ಟಾದ ಮೇಲೆ ಅಲ್ಲಿ ಮಾಡಿದ್ದೇನು? 2024ರಲ್ಲಿ, ಎರಡು ವರ್ಷಗಳಲ್ಲಿ 30 ಕೋಟಿ ಪೌಂಡುಗಳಷ್ಟು ಖರ್ಚು ಇಳಿಸುವ ತೀರ್ಮಾನವಾಯಿತು. ಮನೆಗಳ ಮೇಲಿನ ತೆರಿಗೆಯನ್ನು ನೂರಕ್ಕೆ ಸುಮಾರು 10ರಷ್ಟು ಏರಿಸಿದರು. ಬೀದಿದೀಪಗಳನ್ನು ಮಂದ ಮಾಡುವ, ಗ್ರಂಥಾಲಯಗಳನ್ನು ಕಡಿಮೆ ಮಾಡುವ ಯೋಜನೆಗಳು ಬಂದವು. ತಪ್ಪು ಮಾಡಿದವರು ಮೇಜಿನ ಹಿಂದೆ ಕುಳಿತವರು. ದಂಡ ಬಿದ್ದದ್ದು ಕತ್ತಲೆಯ ಓಣಿಯಲ್ಲಿ ನಡೆಯುವವರಿಗೆ. ಪೋಲನ್ನು ನಿಲ್ಲಿಸಬೇಕಾದಲ್ಲಿ ಸೇವೆಯನ್ನೇ ನಿಲ್ಲಿಸಿದರೆ ಆಗುವುದು ಹೀಗೆಯೇ.

ಮಿತವ್ಯಯ ಬೇಡವೆಂದು ನಾವು ಹೇಳುತ್ತಿಲ್ಲ. ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ನೆನೆಯಿರಿ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಒಪ್ಪಲಿಲ್ಲ. ನಮಗೆ ಬೇಕಾದಷ್ಟು ಇಟ್ಟು ಮಿಕ್ಕಿದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಕಳುಹಿಸಿದಳು. ಉಳಿದ ಅಷ್ಟೇ ಅಕ್ಕಿಯಲ್ಲಿ ಜಂಗಮರಿಗೆ ದಾಸೋಹ ನಡೆಸಿದಳು. ಆ ತಾಯಿ ಕಡಿತ ಮಾಡಿದ್ದು ತನ್ನ ಮನೆಯ ಆಸೆಯಲ್ಲಿ, ಬಂದವರ ಊಟದಲ್ಲಿ ಅಲ್ಲ. ಯಾವ ಸಭೆಯಾದರೂ ಖರ್ಚು ಇಳಿಸಲು ಕುಳಿತಾಗ ಮೊದಲು ಲಕ್ಕಮ್ಮನನ್ನು ನೆನೆಯಲಿ. ಸನ್ಮಾನದ ಹಾರ, ಪೆಂಡಾಲು, ಬೇಕಿಲ್ಲದ ವಾಹನ, ಒಂದೇ ರಸ್ತೆಯ ಮೇಲೆ ವರ್ಷಕ್ಕೆರಡು ಸಲ ಡಾಂಬರು, ಇವನ್ನು ಮೊದಲು ಹುಡುಕಲಿ. ವಾಚನಾಲಯದ ಎರಡು ಬಲ್ಬು ಕಡೆಗೆ ಕಂಡಾವು.

ಇನ್ನೊಂದು ಮಾತನ್ನು ಅರಿಯಬೇಕು. ಸೇವೆಯನ್ನು ಕತ್ತರಿಸಿದರೆ ಖರ್ಚು ಮಾಯವಾಗುವುದಿಲ್ಲ. ಅದು ಬೇರೆ ಮನೆಗೆ ಹೋಗಿ ಕೂರುತ್ತದೆ. ಇಂಗ್ಲೆಂಡಿನಲ್ಲಿ ಷೂರ್ ಸ್ಟಾರ್ಟ್ ಎಂಬ ಕೇಂದ್ರಗಳಿದ್ದವು. ನಮ್ಮ ಅಂಗನವಾಡಿಯನ್ನು ನೆನಪಿಗೆ ತರುವಂಥವು. ಚಿಕ್ಕ ಮಕ್ಕಳಿಗೂ ತಾಯಂದಿರಿಗೂ ಅಲ್ಲಿ ಆರೈಕೆ, ಕಲಿಕೆ, ಸಲಹೆ ಸಿಗುತ್ತಿತ್ತು. 2010ರಿಂದ 2017-18ರೊಳಗೆ ಅವುಗಳ ಮೇಲಿನ ಖರ್ಚನ್ನು ಸುಮಾರು ಮೂರರಲ್ಲಿ ಎರಡು ಪಾಲು ಇಳಿಸಿದರು. ಆಮೇಲೆ 2019ರಲ್ಲಿ ಅಲ್ಲಿಯ ಹಣಕಾಸು ಅಧ್ಯಯನ ಸಂಸ್ಥೆಯೊಂದು ಲೆಕ್ಕ ಹಾಕಿ ಹೇಳಿತು: ಈ ಕೇಂದ್ರಗಳಿದ್ದ ಕಡೆ ಮಕ್ಕಳು ಮುಂದೆ ಆಸ್ಪತ್ರೆಗೆ ಸೇರುವ ಪ್ರಸಂಗ ಕಡಿಮೆಯಾಗಿತ್ತು, ಬಡವರ ಪ್ರದೇಶಗಳಲ್ಲಿ ಹೆಚ್ಚು ಪ್ರಯೋಜನವಾಗಿತ್ತು ಎಂದು. ಕೇಂದ್ರಕ್ಕೆ ಬೀಗ ಹಾಕಿ ಉಳಿಸಿದ ಹಣವನ್ನು ಆಸ್ಪತ್ರೆಯ ಬಾಗಿಲಲ್ಲಿ ಎಣಿಸಿ ಕೊಡಬೇಕಾಗುತ್ತದೆ. ನಮ್ಮ ಊರಿನಲ್ಲೂ ಹಾಗೆಯೇ. ಗಟಾರ ತೆಗೆಯುವವನನ್ನು ಬಿಡಿಸಿದರೆ ಸೊಳ್ಳೆಗೆ ರಜೆ ಸಿಗುವುದಿಲ್ಲ. ಪುರಸಭೆ ಉಳಿಸಿದ ದುಡ್ಡನ್ನು ಬಡವ ಡಾಕ್ಟರ ಬಳಿ ಕೊಟ್ಟು ಬರುತ್ತಾನೆ.

ಹಾಗಾದರೆ ಬಡ ಊರು ಏನು ಮಾಡಬೇಕು? ಹಣ ನಿಜವಾಗಿಯೂ ಇಲ್ಲದಿದ್ದರೆ? ಇದಕ್ಕೆ ನೂರು ವರ್ಷದ ಹಿಂದಿನ ಒಂದು ಸಂಗತಿ ಇದೆ. ಅದೂ ಲಂಡನ್ನಿನದೇ. ಪಾಪ್ಲರ್ ಎಂಬುದು ಅಲ್ಲಿಯ ಕೂಲಿಕಾರರ ಪ್ರದೇಶ. 1921ರಲ್ಲಿ ನಿರುದ್ಯೋಗ ಬಹಳ. ಹಸಿದವರಿಗೆ ಪರಿಹಾರ ಕೊಡುವ ಹೊಣೆ ಆಯಾ ಪ್ರದೇಶದ್ದೇ. ಸಿರಿವಂತರ ಪ್ರದೇಶದಲ್ಲಿ ಹಸಿದವರು ಕಡಿಮೆ, ತೆರಿಗೆ ಬರುವುದು ಹೆಚ್ಚು. ಬಡವರ ಪ್ರದೇಶದಲ್ಲಿ ಹಸಿದವರು ಹೆಚ್ಚು, ತೆರಿಗೆ ಬರುವುದು ಕಡಿಮೆ. ಅದರ ಮೇಲೆ ಇಡೀ ಲಂಡನ್ನಿನ ಖರ್ಚಿಗೂ ಪಾಲು ಕೊಡಬೇಕು. ಪಾಪ್ಲರಿನ ಸದಸ್ಯರು, ಜಾರ್ಜ್ ಲ್ಯಾನ್ಸ್‌ಬರಿಯವರ ಮುಂದಾಳತನದಲ್ಲಿ, ಬಡವರ ಪರಿಹಾರವನ್ನು ಕಡಿಯುವುದಿಲ್ಲ, ಅನ್ಯಾಯದ ಪಾಲನ್ನೂ ಕೊಡುವುದಿಲ್ಲ ಎಂದು ನಿಂತರು. 30 ಮಂದಿ ಸೆರೆಮನೆಗೆ ಹೋದರು. ಅವರಲ್ಲಿ ಹೆಣ್ಣುಮಕ್ಕಳೂ ಇದ್ದರು. ಗಂಡಸರನ್ನು ಇಟ್ಟದ್ದು ಬ್ರಿಕ್ಸ್‌ಟನ್ ಸೆರೆಮನೆಯಲ್ಲಿ. ಆ ಸೆರೆಮನೆ ಇರುವುದೂ ಈಗಿನ ನಮ್ಮ ಬಸವಣ್ಣನವರ ಲ್ಯಾಂಬೆತ್‌ನಲ್ಲಿಯೇ. ಸೆರೆಮನೆಯೊಳಗೇ ಸಭೆ ನಡೆಸಿ ಊರಿನ ಕೆಲಸ ನೋಡಿದರು. ಸುಮಾರು ಆರು ವಾರಗಳ ಮೇಲೆ ಬಿಡುಗಡೆಯಾಯಿತು. ಅದೇ ವರ್ಷ ಕಾನೂನು ತಿದ್ದುಪಡಿಯಾಗಿ, ಬಡವರ ಪರಿಹಾರದ ಭಾರವನ್ನು ಸಿರಿವಂತ ಪ್ರದೇಶಗಳೂ ಹೊರುವಂತಾಯಿತು. ಸೆರೆಯಲ್ಲಿದ್ದ ಮಿನ್ನಿ ಲ್ಯಾನ್ಸ್‌ಬರಿ ಎಂಬ ತಾಯಿ ಮಾತ್ರ ಹೊರಬಂದ ಕೆಲವೇ ವಾರಗಳಲ್ಲಿ, 1922ರ ಮೊದಲ ದಿನವೇ ಲಿಂಗೈಕ್ಯಳಾದಳೆಂದು ನಾವು ನಮ್ಮ ಮಾತಿನಲ್ಲಿ ಹೇಳೋಣ. ಅವಳಿಗೆ 32 ವರ್ಷ.

ಇದರಿಂದ ತಿಳಿಯುವುದೇನು? ಬಡ ಊರು ತನ್ನ ಬಡವನ ತಟ್ಟೆಗೆ ಕೈಹಾಕುವ ಮೊದಲು, ಮೇಲಿನವರ ಬಾಗಿಲು ಬಡಿದು ತನ್ನ ನ್ಯಾಯದ ಪಾಲು ಕೇಳಬೇಕು. ನಮ್ಮ ಸಂವಿಧಾನಕ್ಕೆ 1992ರಲ್ಲಿ ಮಾಡಿದ 74ನೆಯ ತಿದ್ದುಪಡಿ 12ನೆಯ ಅನುಸೂಚಿಯಲ್ಲಿ ಪಟ್ಟಣಗಳ ಆಡಳಿತಕ್ಕೆ 18 ವಿಷಯಗಳನ್ನು ಹೆಸರಿಸಿದೆ. ಕುಡಿಯುವ ನೀರು, ನೈರ್ಮಲ್ಯ, ಬೀದಿದೀಪ, ಉದ್ಯಾನ, ರುದ್ರಭೂಮಿ ಎಲ್ಲ ಅದರಲ್ಲಿವೆ. ಕೆಲಸ ಹೊರಿಸಿ ಕಾಸು ಕೊಡದಿದ್ದರೆ ಅದು ಬರಿಯ ಹೊರೆಯಾಗುತ್ತದೆ. ಗ್ರಂಥಾಲಯಕ್ಕಂತೂ 1965ರ ಕಾಯಿದೆಯೇ ಇದೆ. ನೀವು ಕಟ್ಟುವ ಕಂದಾಯದ ರಸೀದಿಯನ್ನು ಮನೆಗೆ ಹೋಗಿ ನೋಡಿರಿ. ತೆರಿಗೆಯ ಮೇಲೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರವೆಂದು ಇರುತ್ತದೆ. ಅಂದರೆ ಪುಸ್ತಕಕ್ಕೆಂದು ನೀವು ಆಗಲೇ ಕೊಟ್ಟಾಗಿದೆ. ಕೊಟ್ಟ ಹಣ ಎಲ್ಲಿ ಹೋಗಿ ಸೇರಿತೆಂದು ಕೇಳುವುದು ನಿಮ್ಮ ಹಕ್ಕು.

ಆದರೆ ಕೇಳುವ ಮೊದಲು ನಮ್ಮ ಕೈ ಶುದ್ಧವಿರಬೇಕಲ್ಲವೆ? ಈ ವಿಚಾರ ಮನಸ್ಸಿಗೆ ಬಂದ ದಿನ ನಾವು ಶ್ರೀಮಠದ ಕಾರ್ಯದರ್ಶಿಗಳನ್ನು ಕರೆದು, ಮಠದ ಕಂದಾಯದ ರಸೀದಿಗಳನ್ನು ತನ್ನಿ ಎಂದೆವು. ಅವರು ತಂದು ಮುಂದಿಟ್ಟು ತಲೆ ತಗ್ಗಿಸಿದರು. ಪೇಟೆಯಲ್ಲಿರುವ ಮಠದ ಮಳಿಗೆಗಳ ಕಂದಾಯ ಎರಡು ವರ್ಷದಿಂದ ಬಾಕಿ ಇತ್ತು. ಮಠದವರನ್ನು ಕೇಳುವುದು ಹೇಗೆಂದು ಪುರಸಭೆಯವರು ಸುಮ್ಮನಿದ್ದರು. ಕೇಳಲಿಲ್ಲವೆಂದು ನಾವೂ ಸುಮ್ಮನಿದ್ದೆವು. ಒಂದು ಕೈಯಲ್ಲಿ ಊರಿನ ಬೊಕ್ಕಸಕ್ಕೆ ಕೊಡಬೇಕಾದುದನ್ನು ತಡೆಹಿಡಿದು, ಇನ್ನೊಂದು ಕೈಯಲ್ಲಿ ಊರಿನ ವಾಚನಾಲಯವನ್ನು ಉಪಕಾರವೆಂಬಂತೆ ವಹಿಸಿಕೊಳ್ಳಲು ಹೊರಟಿದ್ದೆವು! ಶರಣ ಬಂಧುಗಳೇ, ಅಂದು ನಮಗೆ ಊಟ ರುಚಿಸಲಿಲ್ಲ. ಮರುದಿನವೇ ಬಾಕಿಯನ್ನು ಬಡ್ಡಿಸಹಿತ ಕಟ್ಟಿಸಿದೆವು. ರಸೀದಿ ಕಚೇರಿಯಲ್ಲಿದೆ, ಯಾರಾದರೂ ನೋಡಬಹುದು.

ಆ ಹಿರಿಯರನ್ನೂ ಕರೆಸಿ ಹೇಳಿದೆವು: “ನಾವು ಅಂದು ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳುತ್ತೇವೆ. ವಾಚನಾಲಯಕ್ಕೆ ಪುಸ್ತಕ ಬೇಕೆ, ಕೊಡುತ್ತೇವೆ. ಕುರ್ಚಿ ಬೇಕೆ, ಮಾಡಿಸಿಕೊಡುತ್ತೇವೆ. ಆದರೆ ಅದರ ಬಾಗಿಲ ಮೇಲೆ ಊರಿನ ಹೆಸರೇ ಇರಲಿ. ಬೀಗದ ಕೈ ಊರಿನ ಹತ್ತಿರವೇ ಇರಲಿ.” ಒಬ್ಬರಿಗೆ ಬೇಸರವಾಯಿತು. “ಹಂಗಾದ್ರ ಮುಚ್ಚಿ ಹೋಗತೈತ್ರಿ ಅಪ್ಪಾರ” ಎಂದರು. ಮುಚ್ಚಿ ಹೋಗಬಾರದು. ಅದಕ್ಕೇ ಇಂದು ಈ ಮಾತನ್ನು ನಿಮ್ಮೆಲ್ಲರ ಮುಂದೆ ಆಡಿದ್ದು.

ನಿಮ್ಮಿಂದ ನಾವು ಮೂರು ಕಾಣಿಕೆ ಬೇಡುತ್ತೇವೆ. ಹೂವು, ಹಣ್ಣು, ದಕ್ಷಿಣೆ ಬೇಡ. ಒಂದು, ಯಾರ ಯಾರ ಮನೆಯ, ಅಂಗಡಿಯ ಕಂದಾಯ ಬಾಕಿಯಿದೆಯೋ ಅವರು ಶ್ರಾವಣ ಮುಗಿಯುವುದರೊಳಗೆ ಕಟ್ಟಿಬಿಡಬೇಕು. ಕಟ್ಟುವಾಗ ಗೊಣಗಬಾರದು, ಪಂಕ್ತಿಗೆ ಒಂದು ಸೇರು ಅಕ್ಕಿ ಕೊಟ್ಟಂತೆ ಕೊಡಬೇಕು. ಎರಡು, ಪುರಸಭೆ ಈ ವಿಷಯ ಚರ್ಚಿಸುವ ಮುಂಚೆ ನಿಮ್ಮ ನಿಮ್ಮ ವಾರ್ಡಿನ ಸದಸ್ಯರ ಮನೆಗೆ ಹೋಗಿ, ಬೈಯದೆ, ಕೂಗಾಡದೆ, ವಾಚನಾಲಯವೂ ಬೇಕು, ಪೌರಕಾರ್ಮಿಕರೂ ಬೇಕು, ದೀಪವೂ ಬೇಕು ಎಂದು ಹೇಳಿ ಬರಬೇಕು. ಹೆಣ್ಣುಮಕ್ಕಳು ಮುಂದಾಗಿ ಹೋಗಬೇಕು. ಕತ್ತಲೆಯ ಓಣಿ ಯಾವುದೆಂದು ಅವರಿಗೇ ಚೆನ್ನಾಗಿ ಗೊತ್ತು. ಮೂರು, ಲೆಕ್ಕ ಕೇಳಬೇಕು. ಕೇಳುವುದು ವೈರತ್ವವಲ್ಲ. ಬಸವಣ್ಣನವರು ತೆರೆದ ಭಂಡಾರದ ಬಾಗಿಲನ್ನು ಇವರೂ ತೆರೆಯಲೆಂದು ಹಾರೈಸಿ ಕೇಳಬೇಕು.

ನಾವೂ ಬರುತ್ತೇವೆ. ಪೀಠದ ಪಲ್ಲಕ್ಕಿಯಲ್ಲಿ ಬರುವುದಿಲ್ಲ. ಕಂದಾಯ ಕಟ್ಟಿದ ಒಬ್ಬ ಊರಿನವರಾಗಿ, ರಸೀದಿ ಹಿಡಿದುಕೊಂಡು ಬರುತ್ತೇವೆ.

ಲಂಡನ್ನಿನಿಂದ ಬಂದ ಆ ಮಗಳು ಹೊರಡುವಾಗ ಪಾದಕ್ಕೆರಗಿ ಒಂದು ಮಾತು ಹೇಳಿದಳು: “ಅಲ್ಲಿ ನಾವು ಎಚ್ಚತ್ತಾಗ ಬೀಗ ಹಾಕೋ ದಿನ ಬಂದಿತ್ರಿ. ಇಲ್ಲಿ ಇನ್ನೂ ದೀಪ ಹತ್ತೇದ.” ಹೌದು, ನಿನ್ನೆ ಸಂಜೆ ನಾವು ಆ ದಾರಿಯಲ್ಲಿ ಬರುವಾಗ ನೋಡಿದೆವು. ವಾಚನಾಲಯದ ದೀಪ ಉರಿಯುತ್ತಿತ್ತು. ಏಳೆಂಟು ಹುಡುಗರು, ಮೂವರು ಹುಡುಗಿಯರು, ಒಬ್ಬ ಮುದುಕ ಓದುತ್ತ ಕುಳಿತಿದ್ದರು. ಅದು ಆರದಂತೆ ಎಣ್ಣೆ ಎರೆಯುವ ದಾಸೋಹ ನಿಮ್ಮದು.

ಗುರು ಬಸವಣ್ಣನವರು ನಮಗೂ ನಿಮಗೂ, ಪುರಸಭೆಯಲ್ಲಿ ಕುಳಿತವರಿಗೂ ಸನ್ಮತಿ ಕರುಣಿಸಲಿ ಎಂದು ಹಾರೈಸಿ ಇಂದಿನ ಮಾತನ್ನು ಮುಗಿಸುತ್ತೇವೆ.

ಶರಣು ಶರಣಾರ್ಥಿ.